ಲಕ್ಷ ಬಲ್ಬಿಗೊಂದು ಫ್ಲ್ಯಾಶ್

ಭಾನುವಾರ ಸಂಜೆ ಏಳಕ್ಕೆ ಮೈಸೂರು ಅರಮನೆಯ ದೀಪ ಹತ್ತುತ್ತದೆ. ಲಕ್ಷದ ಹತ್ತಿರ ಬಲ್ಬು. ಆ ಬೆಳಕು ಸಾಲದು ಅಂತ ಒಬ್ಬ ಯಜಮಾನರು ಮೊಬೈಲಿನ ಫ್ಲ್ಯಾಶ್ ಬೇರೆ ಹಾಕುತ್ತಾರೆ. ಈ ವಾರವೂ ಹಾಕಿದರು. ಯಜಮಾನರು ಬೇರೆ ಇರಬಹುದು, ಫ್ಲ್ಯಾಶ್ ಅದೇ.

ಮೊಬೈಲ್ ಫ್ಲ್ಯಾಶ್ ಮುಟ್ಟುವುದು ಹೆಚ್ಚೆಂದರೆ ಹತ್ತು-ಹನ್ನೆರಡು ಅಡಿ. ಅಷ್ಟರೊಳಗೆ ಸಿಗುವುದು ಮುಂದಿನ ಸಾಲಿನವರ ತಲೆ. ಹೆನ್ರಿ ಇರ್ವಿನ್ ನಕ್ಷೆ ಬರೆದು, 1912ರಲ್ಲಿ ಕಟ್ಟಿ ಮುಗಿದ ಗುಮ್ಮಟ ಬರಬೇಕಾದ ಜಾಗದಲ್ಲಿ ಯಾರದೋ ಬೋಳುತಲೆ ಫಳಫಳ. ಯಜಮಾನರು "ಥೂ, ಸರಿಯಾಗಿ ಬರಲಿಲ್ಲ" ಅಂತ ಮತ್ತೆ ಫೋನ್ ಎತ್ತುತ್ತಾರೆ. ಫ್ಲ್ಯಾಶ್. ಬೋಳುತಲೆಯವರು ತಿರುಗಿ ನೋಡುತ್ತಾರೆ. ಮತ್ತೆ ಫ್ಲ್ಯಾಶ್, ಈಗ ಅವರ ಮುಖವೂ ಬಂತು, ಕಣ್ಣು ಕೆಂಪಗೆ. ಮನೆಯವರು ಇಣುಕಿ "ಅರಮನೆ ಎಲ್ರೀ?" ಅಂದರೆ, "ಫೋನೇ ಸರಿಯಿಲ್ಲ ಕಣೇ."

ಫೋನ್ ಸರಿಯಾಗೇ ಇದೆ. ಕಪ್ಪು ಆಕಾಶ ಕಂಡು ಎಲ್ಲಾ ಕತ್ತಲೆ ಅಂದುಕೊಂಡು, ಬೆಳಕನ್ನು ತಾನೇ ಏರಿಸಿಬಿಡುತ್ತದೆ. ಬಲ್ಬೆಲ್ಲ ಕಲಸಿ ಒಂದು ಹಳದಿ ಮುದ್ದೆ. ಪರದೆಯಲ್ಲಿ ಅರಮನೆಯ ಅತಿ ಬೆಳಕಿನ ಜಾಗವನ್ನು ಒತ್ತಿ ಹಿಡಿದರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಬಲ್ಬು ಬಿಡಿಬಿಡಿಯಾಗಿ ಕಾಣುವವರೆಗೆ ಅದನ್ನು ಕೆಳಗೆಳೆಯಿರಿ. ಅದಕ್ಕೂ ಮೊದಲು ಲೆನ್ಸ್ ಒರೆಸಿ. ಚುರುಮುರಿ ತಿಂದ ಕೈ ಅದು. ಎಣ್ಣೆ ಮೆತ್ತಿದರೆ ಪ್ರತಿ ಬಲ್ಬಿಗೂ ಬಾಲ ಹುಟ್ಟುತ್ತದೆ.

ಫ್ಲ್ಯಾಶ್ ಬೇಕೇ ಬೇಕಾದ ಸಂದರ್ಭವೂ ಒಂದಿದೆ: ಮನೆಯವರನ್ನು ಐದಾರು ಅಡಿ ದೂರ ನಿಲ್ಲಿಸಿ, ಹಿಂದೆ ಅರಮನೆ ಬರುವಂತೆ ತೆಗೆಯುವಾಗ. ಇಲ್ಲದಿದ್ದರೆ ಮುಖಗಳೆಲ್ಲ ಕಪ್ಪು. ಅಷ್ಟೊತ್ತಿಗೆ ಬೋಳುತಲೆಯವರಿಂದ ಬೈಸಿಕೊಂಡು ಯಜಮಾನರು ಅದನ್ನು ಆರಿಸಿರುತ್ತಾರೆ.

ಮೊದಲೆಲ್ಲ ದೀಪ ಹತ್ತಿದ ಗಳಿಗೆಗೆ ಇಡೀ ಆವರಣ ಒಟ್ಟಿಗೆ "ಹೋ" ಅನ್ನುತ್ತಿತ್ತು. ಈಗ ಎಲ್ಲರದೂ ವಿಡಿಯೋ ಓಡುತ್ತಿರುತ್ತದೆ. ತಮ್ಮ ದನಿ ಅದರಲ್ಲಿ ಸೇರಿಬಿಟ್ಟೀತೆಂದು ಯಾರೂ ಬಾಯಿ ಬಿಡುವುದಿಲ್ಲ.

ತೆಗೆದರೆ ದಸರಾದಲ್ಲೇ ತೆಗೆಯಬೇಕೆಂಬ ಹಟ ಬೇರೆ. ಆಗ ಸೂರ್ಯ ಆರರ ಆಸುಪಾಸಿಗೇ ಮುಳುಗಿ, ಏಳಕ್ಕೆ ಕಗ್ಗತ್ತಲು. ಜೂನ್‌ನಲ್ಲಾದರೆ ಮುಳುಗುವುದೇ ಏಳಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ. ದೀಪ ಹತ್ತಿದ ಮೊದಲ ಹತ್ತು ನಿಮಿಷ ಗುಮ್ಮಟದ ಹಿಂದೆ ಕಡುನೀಲಿ. ಮಳೆ ಬಂದು ನಿಂತಿದ್ದರೆ ನೆಲದ ನೀರಲ್ಲೂ ಇನ್ನೊಂದು ಅರಮನೆ. ಜನವೂ ಕಮ್ಮಿ. ಹನಿ ಬಿದ್ದರೂ ಕೊಡೆ ಮಾತ್ರ ಬಿಚ್ಚಬೇಡಿ, ಹಿಂದೆ ನಿಂತವರ ಫೋಟೋದಲ್ಲಿ ಅದೇ ಗುಮ್ಮಟವಾಗುತ್ತದೆ.