ಹೊಳೆನರಸೀಪುರ ಸಾಹೇಬರ ಲೇಖನ

ಲೇಖನ ಬರೆಯಲು ನನಗೆ ಹಿಡಿದದ್ದು ಹನ್ನೆರಡು ದಿನ. ಅದರ ಬಾಲಕ್ಕೆ ಆಧಾರಗ್ರಂಥಗಳ ಪಟ್ಟಿ ಕಟ್ಟಲು ಒಂದು ತಿಂಗಳು.

ವಿಷಯ ಕನ್ನಡ ನಾಟಕ, ಪತ್ರಿಕೆ ಇಂಗ್ಲಿಷಿನದು, ಅವರು ಕೇಳಿದ್ದು ಎಪಿಎ ಶೈಲಿಯ, ಅಂದರೆ ಆಧಾರಗಳನ್ನು ನಮೂದಿಸಲು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಹಾಕಿಕೊಟ್ಟ ನಿಯಮಗಳ, ಏಳನೆಯ ಆವೃತ್ತಿ. ನನ್ನ ಕಪಾಟಿನಲ್ಲಿದ್ದದ್ದು ಆರನೆಯದು. ವ್ಯತ್ಯಾಸ ಎಷ್ಟಿದ್ದೀತು ಎಂದುಕೊಂಡು ಅದನ್ನೇ ನಂಬಿ, ಪ್ರತಿ ಪುಸ್ತಕಕ್ಕೂ ಪ್ರಕಾಶಕರ ಊರು ಹುಡುಕಿ ಸೇರಿಸಿದೆ: ಧಾರವಾಡ, ಮೈಸೂರು, ಮಂಗಳೂರು, ಹೀಗೆ ನಲವತ್ತೊಂದು. 2019ರಲ್ಲಿ ಬಂದ ಏಳನೆಯ ಆವೃತ್ತಿ ಊರನ್ನೇ ಕೈಬಿಟ್ಟಿದೆ ಎಂದು ಗೊತ್ತಾದದ್ದು ಆಮೇಲೆ. ಅಳಿಸುತ್ತ ಹೋದೆ. ಧಾರವಾಡ ಬಂದಾಗ ಮಾತ್ರ ಕೈ ಒಂದು ಗಳಿಗೆ ತಡೆಯಿತು.

ಇನ್ನು ಚುಕ್ಕಿ. ಪ್ರಕಾಶಕರ ಹೆಸರಿನ ಕೊನೆಗೆ ಇಡದಿದ್ದರೆ ತಪ್ಪು, ಡಿಒಐ ಎಂಬ ಡಿಜಿಟಲ್ ಗುರುತುಸಂಖ್ಯೆಯ ಕೊನೆಗೆ ಇಟ್ಟರೆ ತಪ್ಪು. ಎರಡನ್ನೂ ಅದಲುಬದಲು ಮಾಡಿದ ಕೀರ್ತಿ ನನ್ನದು.

ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಬರಹದೊಳಗೆ ಮೊದಲನೆಯವರ ಹೆಸರು ಮಾತ್ರ, ಉಳಿದವರೆಲ್ಲ ‘ಮತ್ತಿತರರು’. ಇದನ್ನು ತಿದ್ದಿದ್ದು ಡೊಂಬಿವಲಿಯಿಂದ ದಾದರಿಗೆ ಹೋಗುವ ಮುಂಬಯಿ ಲೋಕಲ್ ರೈಲಿನಲ್ಲಿ, ಮೂವರ ಸೀಟಿನ ಅಂಚಿಗೆ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿಕೊಂಡು. ಆ ಸೀಟು ಎಪಿಎ ಕೈಗೆ ಸಿಕ್ಕಿದ್ದರೆ ಕಿಟಕಿಯ ಪಕ್ಕದವನೊಬ್ಬನನ್ನು ಉಳಿಸಿ ನಮ್ಮೆಲ್ಲರನ್ನೂ ನಡುದಾರಿಯ ದಿವಾ ಸ್ಟೇಷನ್ನಿನಲ್ಲಿ ಇಳಿಸಿಬಿಡುತ್ತಿತ್ತು.

ದೊಡ್ಡ ರಗಳೆ ಹೆಸರಿನದು. ಮೊದಲು ಕುಲನಾಮ, ಒಂದು ಅಲ್ಪವಿರಾಮ, ಆಮೇಲೆ ಇನಿಷಿಯಲ್ಲು. ಕಾರ್ನಾಡರು ತಕರಾರಿಲ್ಲದೆ ಕುಳಿತರು. ತ್ಯಾಗರಾಜ ಪರಮಶಿವ ಕೈಲಾಸಂ ಅವರ ಸ್ವಂತ ಹೆಸರೇ ಕುಲನಾಮದ ಕುರ್ಚಿ ಏರಿತು. ಒಂದು ಪುಸ್ತಕವನ್ನು ಶ್ರೀರಂಗ ಎಂದೂ ಇನ್ನೊಂದನ್ನು ಆದ್ಯ ರಂಗಾಚಾರ್ಯ ಎಂದೂ ತುಂಬಿದ್ದೆ. ಒಬ್ಬರೇ ಇಬ್ಬರಾಗಿ ‘ಆರ್’ ಮತ್ತು ‘ಎಸ್’ ಅಕ್ಷರಗಳಡಿ ಬೇರೆ ಬೇರೆ ಸಂಸಾರ ಹೂಡಿದರು.

ಕೊನೆಗೆ ಸಿಕ್ಕಿಬಿದ್ದವನು ನಾನು. ನನ್ನ ಹೆಸರಿನಲ್ಲಿ ಮೊದಲು ಹೊಳೆನರಸೀಪುರ, ಆಮೇಲೆ ಅಪ್ಪ, ಕಟ್ಟಕಡೆಗೆ ನಾನು. ಮುಂಬಯಿಗೆ ಬಂದ ಹೊಸತರಲ್ಲಿ ಗುಮಾಸ್ತನೊಬ್ಬ “ಆಡನಾವ್ ಕಾಯ್?” ಎಂದು ಕೇಳಿದ. ಅಡ್ಡಹೆಸರು, ಅಂದರೆ ಕುಲನಾಮ, ಇಲ್ಲ ಎಂದೆ. ಟಿಕೆಟ್ಟಿಲ್ಲದವನನ್ನು ನೋಡುವಂತೆ ನೋಡಿ, ಮರಾಠಿ ಪದ್ಧತಿಯಂತೆ ನನ್ನನ್ನು ಮುಂದಕ್ಕೆ ತಂದು, ಅಪ್ಪನನ್ನು ನಡುವೆಯೇ ಬಿಟ್ಟು, ಊರನ್ನು ಕೊನೆಗೆ ತಳ್ಳಿದ. ಅಂದಿನಿಂದ ಗ್ಯಾಸ್ ಸಿಲಿಂಡರ್ ತರುವವನಿಗೂ ನಾನು ಹೊಳೆನರಸೀಪುರ ಸಾಹೇಬ. ನನ್ನ ಹಳೆಯ ಲೇಖನವೂ ಅದೇ ಹೆಸರಿನಲ್ಲಿ ಅಚ್ಚಾಗಿತ್ತು. ಧಾರವಾಡಕ್ಕೆ ಜಾಗವಿಲ್ಲ ಎಂದ ಶೈಲಿ ಹೊಳೆನರಸೀಪುರವನ್ನು ಲೇಖಕನನ್ನಾಗಿಯೇ ಕೂರಿಸಿತು.

ಕರಡಚ್ಚು ಬಂದ ದಿನ ಹೆಂಡತಿಗೆ ತೋರಿಸಿ ಗೋಳಾಡಿದೆ.

“ಊರಿನವರೆಲ್ಲ ಸೇರಿ ಬರೆದಿದ್ದಾರೆ ಎಂದು ಜನ ತಿಳಿದುಕೊಳ್ಳುತ್ತಾರೆ ಕಣೇ.”

ಅವಳು ಕನ್ನಡಕ ಏರಿಸಿ ಸಾಲನ್ನು ಇನ್ನೊಮ್ಮೆ ನೋಡಿದಳು. “ಹಾಗಾದರೆ ಇಲ್ಲಿ ‘ಮತ್ತಿತರರು’ ಬಿಟ್ಟುಹೋಗಿದೆಯಲ್ಲರೀ?”