ಮ್ಯಾನ್‌ಹೋಲ್ ಎದ್ದು ನಿಂತ ಬೀದಿ

ಇಂಗ್ಲೆಂಡಿನ ಹೊಸ ಬಡಾವಣೆಯಲ್ಲಿ ಮನೆ ನೋಡಲು ಹೋದ ನಮ್ಮವರು ಮೊದಲು ಬಾಗಿಲು ಯಾವ ದಿಕ್ಕಿಗಿದೆ ಎಂದು ಮೊಬೈಲಿನ ದಿಕ್ಸೂಚಿ ಹಿಡಿಯುತ್ತಾರೆ. ವಾಸ್ತು ಆಮೇಲಾಗಲಿ, ಮೊದಲು ಬೀದಿಯ ಮ್ಯಾನ್‌ಹೋಲ್ ಮುಚ್ಚಳ ನೋಡಿ. ಅದು ಟಾರಿಗಿಂತ ಒಂದೂವರೆ ಇಂಚು ಮೇಲೆದ್ದಿದ್ದರೆ ಬಿಲ್ಡರ್ ಕೆಳಪದರವನ್ನಷ್ಟೇ ಹಾಕಿದ್ದಾನೆ. ಮೇಲ್ಪದರ ಬೀಳುವುದು ಕೊನೆಯ ಮನೆ ಕಟ್ಟಿ, ಲಾರಿಗಳ ಓಡಾಟ ನಿಂತ ಮೇಲೆ. ಮಳೆನೀರಿನ ಜಾಲರಿಯನ್ನೂ ಆ ಮುಂದಿನ ಎತ್ತರಕ್ಕೇ ಕೂರಿಸಿರುವುದರಿಂದ ನೀರು ಅದರೊಳಗೆ ಇಳಿಯದೆ ಸುತ್ತಲೂ ನಿಂತು ಬಿಲ್ಡರ್‌ಗಾಗಿ ಕಾಯುತ್ತದೆ.

ರಸ್ತೆಯನ್ನು ಬಿಲ್ಡರ್‌ನಿಂದ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ವಹಿಸಿಕೊಳ್ಳುವ ಒಪ್ಪಂದಕ್ಕೆ 1980ರ ಹೈವೇಸ್ ಕಾಯ್ದೆಯಲ್ಲಿ 38ನೇ ಸೆಕ್ಷನ್ ಇದೆ. ಸಹಿ ಹಾಕಲೇಬೇಕೆಂಬ ಕಟ್ಟಳೆ ಇಬ್ಬರಿಗೂ ಇಲ್ಲ. ಹಾಕಿದರೂ ಕೌನ್ಸಿಲ್ ಹೇಳುತ್ತದೆ: ರಸ್ತೆಯಡಿಯ ಚರಂಡಿಯನ್ನು ಮೊದಲು ನೀರಿನ ಕಂಪನಿ ವಹಿಸಿಕೊಳ್ಳಲಿ. ಅದಕ್ಕೆ ಬೇರೆ ಕಾಯ್ದೆ, 1991ರದ್ದು, ಸೆಕ್ಷನ್ 104. ನೀರಿನ ಕಂಪನಿ ಪೈಪಿನೊಳಗೆ ಕ್ಯಾಮೆರಾ ಬಿಟ್ಟು, ಗಟ್ಟಿಯಾದ ಸಿಮೆಂಟು ಕಂಡು, ತೆಗೆಸಿ ಎನ್ನುತ್ತದೆ. ಬಿಲ್ಡರ್ ತನ್ನ ಕಾಂಟ್ರಾಕ್ಟರನ್ನು ಹುಡುಕುತ್ತಾನೆ. ಎಲ್ಲ ಸರಿಹೋಯಿತು ಅನ್ನುವಾಗ ಸಾಮಾನ್ಯವಾಗಿ 12 ತಿಂಗಳ ನಿರ್ವಹಣಾ ಅವಧಿ ಶುರು. ಅದು ಮುಗಿಯುವ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದು ಒಡೆದ ಕರ್ಬ್‌ಕಲ್ಲುಗಳ ಪಟ್ಟಿ ಕೊಡುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಅಲ್ಲಿಯವರೆಗೆ ಗುಂಡಿ ಯಾರದ್ದು? ಕೌನ್ಸಿಲ್‌ದಲ್ಲ. ಕೌನ್ಸಿಲ್ ಟ್ಯಾಕ್ಸ್ ಮಾತ್ರ ಪೂರ್ತಿ ಅವರದ್ದೇ, ಗುಂಡಿಗೆಂದು ರಿಯಾಯಿತಿ ಇಲ್ಲ. ಕೆಲವು ಕಡೆ ಕಸದ ಲಾರಿಯೂ ಒಳಗೆ ಬರಲೊಪ್ಪದೆ, ನಿವಾಸಿಗಳೇ ಬಿನ್ ದಬ್ಬಿಕೊಂಡು ಬೀದಿಯ ಬಾಯಿಗೆ ಹೋಗಬೇಕು.

ಇನ್ನು ಕೆಲವು ಬಡಾವಣೆಗಳಲ್ಲಿ ರಸ್ತೆ, ಹುಲ್ಲು, ಮಳೆನೀರಿನ ಹೊಂಡ ಎಲ್ಲ ಶಾಶ್ವತವಾಗಿ ಖಾಸಗಿ ಮ್ಯಾನೇಜ್‌ಮೆಂಟ್ ಕಂಪನಿಗೇ, ಅದರ ನಿರ್ವಹಣೆಯ ಶುಲ್ಕ ನಿವಾಸಿಗಳಿಗೆ. ಸ್ಪರ್ಧಾ ಪ್ರಾಧಿಕಾರವಾದ ಸಿಎಂಎ 2024ರಲ್ಲಿ ಲೆಕ್ಕ ಕೊಟ್ಟಿತು: 11 ದೊಡ್ಡ ಬಿಲ್ಡರ್‌ಗಳು 2021-22ರಲ್ಲಿ ಮಾರಿದ ಹೊಸ ಮನೆಗಳಲ್ಲಿ ಶೇ. 80ಕ್ಕೆ ಇಂಥ ಶುಲ್ಕವಿದೆ, ಸರಾಸರಿ ವರ್ಷಕ್ಕೆ 350 ಪೌಂಡ್. ಲೀಸ್‌ಹೋಲ್ಡ್, ಅಂದರೆ ದೀರ್ಘ ಗುತ್ತಿಗೆಯ, ಫ್ಲ್ಯಾಟಿನವರು ಬಿಲ್ ಅತಿಯಾಯಿತೆಂದು ಟ್ರಿಬ್ಯೂನಲ್‌ಗೆ ಹೋಗಬಹುದು. ನೆಲವೂ ನನ್ನದೇ ಎಂದು ಎದೆಯುಬ್ಬಿಸಿದ ಫ್ರೀಹೋಲ್ಡ್ ಮಾಲೀಕನಿಗೆ ಆ ಹಕ್ಕನ್ನು 2024ರ ಕಾಯ್ದೆ ಕಾಗದದ ಮೇಲೆ ಬರೆದಿದೆ. ಜಾರಿಗೆ ಬೇರೆ ನಿಯಮಗಳು ಬರಬೇಕು. ಮಾಲೀಕನಾಗಿ ಕೆಟ್ಟ, ಬಾಡಿಗೆಯವನೇ ವಾಸಿ.

ಈ ಶುಲ್ಕ ರೆಂಟ್‌ಚಾರ್ಜ್, ಅಂದರೆ ಆಸ್ತಿಗೇ ಅಂಟಿಕೊಂಡ ವಂತಿಗೆಯ, ರೂಪದಲ್ಲಿದ್ದರೆ ತಮಾಷೆ ನಿಂತಿತು. 1925ರ ಆಸ್ತಿ ಕಾಯ್ದೆಯ 121ನೇ ಸೆಕ್ಷನ್ ಪ್ರಕಾರ ಬಾಕಿ 40 ದಿನ ದಾಟಿದರೆ ಶುಲ್ಕ ಬರಬೇಕಾದವರು ಮನೆಯನ್ನೇ ಲೀಸಿಗೆ ಬರೆಸಿಕೊಳ್ಳಬಹುದು. ಉತ್ಪ್ರೇಕ್ಷೆಯಲ್ಲ. 2016ರಲ್ಲಿ ಮೇಲಿನ ಹಂತದ ಟ್ರಿಬ್ಯೂನಲ್ ಮುಂದೆ ಬಂದ ಪ್ರಕರಣದಲ್ಲಿ ವರ್ಷಕ್ಕೆ 6ರಿಂದ 15 ಪೌಂಡಿನ ರೆಂಟ್‌ಚಾರ್ಜ್ ಬಾಕಿಗೆ ಬರೆಸಿಕೊಂಡಿದ್ದ 99 ವರ್ಷದ ಲೀಸುಗಳು ಸಿಂಧುವಾದವು. ನಾಲ್ಕು ಮಸಾಲೆದೋಸೆಗೂ ಸಾಲದ ದುಡ್ಡು.

ಆದ್ದರಿಂದ ಕರಾರುಪತ್ರ ವಿನಿಮಯಕ್ಕೆ ಮುಂಚೆ, ಬಿಲ್ಡರ್ ಸೂಚಿಸಿದ ಸಾಲಿಸಿಟರ್‌ನ (ವಕೀಲ) ಬದಲು ನಿಮ್ಮದೇ ಸಾಲಿಸಿಟರ್‌ನಿಂದ ಸೆಕ್ಷನ್ 38 ಮತ್ತು 104ರ ಒಪ್ಪಂದಗಳ ಸಹಿಯಾದ ಪ್ರತಿ ತರಿಸಿ. ಬಿಲ್ಡರ್ ಮುಳುಗಿದರೆ ರಸ್ತೆ ಮುಗಿಸಲು ಇಟ್ಟ ಬಾಂಡ್ ನಿಮ್ಮ ಮನೆಯ ಹಂತಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿ. ನಕ್ಷೆಯಲ್ಲಿ ಕೌನ್ಸಿಲ್‌ಗೆ ಹೋಗುವ ರಸ್ತೆಗಳಿಗೆ ಬಣ್ಣ ಬಳಿದಿರುತ್ತಾರೆ. ನಾಲ್ಕೈದು ಮನೆಗೆ ಸೇರಿದ, ನೋಡಲು ಚೆಂದದ ಇಟ್ಟಿಗೆ ಹಾಸಿನ ದಾರಿಗೆ ಬಹಳ ಸಲ ಬಣ್ಣವೇ ಇರುವುದಿಲ್ಲ. ರೆಂಟ್‌ಚಾರ್ಜ್ ಇದ್ದರೆ 121ನ್ನು ಕೈಬಿಡುವ ತಿದ್ದುಪಡಿ ಕೇಳಿ. ಮ್ಯಾನೇಜ್‌ಮೆಂಟ್ ಕಂಪನಿಯ ಸರ್ಟಿಫಿಕೇಟ್ ಇಲ್ಲದೆ ಮನೆ ಮರುಮಾರಾಟ ನೋಂದಣಿಯಾಗದೆಂಬ ನಿರ್ಬಂಧ ಹಕ್ಕುಪತ್ರದಲ್ಲಿ ಇದೆಯೇ ನೋಡಿ. ಇದ್ದರೆ ಆ ಸರ್ಟಿಫಿಕೇಟಿಗೂ ಫೀಸು.

ಒಪ್ಪಂದ ಆಗಿದೆಯೇ ಎಂದರೆ ಮಾರಾಟದ ಕಚೇರಿಯಲ್ಲಿ ನಗುನಗುತ್ತಾ ‘ಪ್ರೋಸೆಸ್‌ನಲ್ಲಿದೆ’ ಅನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಫೈಲು ಅಲೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.