ಲಾಖಿ ಕಾಯಿನ್‌ಗೂ ಲಕ್ಷ ರೂಪಾಯಿಗೂ ಸಂಬಂಧ ಇಲ್ಲ

ಹೋದ ವಾರ ಸೋಮವಾರಪೇಟೆ ಸಂತೆ ದಿನ ತೋಟದ ಕೆಲಸಕ್ಕೆ ಹೋಗೋ ಅಕ್ಕ ಒಬ್ರು ನಮ್ಮಂಗಡಿಗೆ ಬಂದ್ರು, ಸೆರಗಿನ ಗಂಟು ಬಿಚ್ಚಿ ವೈಷ್ಣೋದೇವಿ ಚಿತ್ರ ಇರೋ ಐದು ರೂಪಾಯಿ ಕಾಯಿನ್ ಕೈಗಿಟ್ಟು "ತಮ್ಮಾ, ಇದ್ಕೆ ಹತ್ತು ಲಕ್ಷ ಬರತ್ತಂತೆ, ನೀನು ಕಾಯಿನ್ ಕೂಡಿಡ್ತೀಯಲ್ಲ, ಹೌದಾ ನೋಡು" ಅಂದ್ರು. ಅಷ್ಟೊತ್ತಿಗೆ ಕೊಳ್ತೀವಿ ಅಂದೋರಿಗೆ ರಿಜಿಸ್ಟ್ರೇಷನ್ ಫೀಸ್ ಅಂತ ಸಾವಿರ, ಟ್ಯಾಕ್ಸ್ ಅಂತ ಇನ್ನೆರಡು ಸಾವಿರ ಫೋನಲ್ಲೇ ಕಳಿಸಿಯಾಗಿತ್ತು. ಕಾಫಿ ಕುಯ್ದ ದುಡ್ಡು ಅದು. ಹೊಟ್ಟೆ ಉರೀತು ನಂಗೆ.

ಅದು ಬರೀ ಐದು ರೂಪಾಯಿ. ಲೆಕ್ಕ ಇಲ್ಲದಷ್ಟು ಹೊಡೆದಿರೋ ಕಾಯಿನ್, ಅದ್ರಲ್ಲಿ ತಪ್ಪೂ ಇಲ್ಲ ಅಪರೂಪನೂ ಇಲ್ಲ. ಹಳೇ ಕಾಯಿನ್ ವ್ಯವಹಾರಕ್ಕೆ ತನ್ನ ಹೆಸರಲ್ಲಿ ಫೀಸು ಕಮಿಷನ್ನು ಕೇಳೋದಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಲ್ಲಿ ಹೇಳಿದೆ. ಮೊದ್ಲು ದುಡ್ಡು ಹಾಕಿ ಅಂದ್ರೆ ಫೋನ್ ಇಟ್ಬಿಡಿ, ಅಷ್ಟೇ.

ನಿಜವಾದ ಎರರ್ ಕಾಯಿನ್, ಅಂದ್ರೆ ತಪ್ಪಾಗಿ ಅಚ್ಚಾಗಿರೋದು, ಬೇರೇನೇ. ನನ್ನ ಹತ್ರ ಒಂದು ರೂಪಾಯಿ ಸ್ಟೀಲ್ ಕಾಯಿನ್ ಒಂದಿದೆ, ಗಲ್ಲಾಪೆಟ್ಟಿಗೇಲೇ ಸಿಕ್ಕಿದ್ದು. ಒಂದ್ಕಡೆ ಸಿಂಹ ಉಬ್ಬಿಕೊಂಡಿದೆ, ತಿರುಗಿಸಿದ್ರೆ ಅದೇ ಸಿಂಹ ಕನ್ನಡೀಲಿ ಕಂಡ ಹಾಗೆ ಉಲ್ಟಾ, ಒಳಕ್ಕೆ ತಗ್ಗಾಗಿ ಕೂತಿದೆ. ಇದನ್ನೇ ಕಾಯಿನ್ ಕೂಡಿಡೋರು ಲಾಖಿ ಅನ್ನೋದು. ಇದಕ್ಕೆ ಮುಂಚೆ ಹೊಡೆದ ಕಾಯಿನ್ ಅಚ್ಚಿಗೆ ಅಂಟಿಕೊಂಡು ಉಳಿದುಬಿಟ್ಟಿದೆ, ಮುಂದಿನ ಖಾಲಿ ಬಿಲ್ಲೆ ಬಂದಾಗ ಅಚ್ಚಿನ ಬದ್ಲು ಆ ಕಾಯಿನ್ನೇ ಅದ್ರ ಮೇಲೆ ಒತ್ತಿದೆ. ಅಂಟಿಕೊಂಡಿದ್ದು ಬೆಲೆ ಇರೋ ಕಡೆ ಅಚ್ಚಿಗೆ, ಹಾಗಾಗಿ ನನ್ನ ಕಾಯಿನಲ್ಲಿ ಬೆಲೆನೂ ಇಲ್ಲ ಇಸವಿನೂ ಇಲ್ಲ. ಇಸವಿ ಕೆಳಗೆ ಬರೋ ಗುರುತೂ ಹೋಯ್ತು, ಮುಂಬೈದಾದ್ರೆ ವಜ್ರ, ಹೈದರಾಬಾದಿಂದಾದ್ರೆ ನಕ್ಷತ್ರ, ನೋಯ್ಡಾದಾದ್ರೆ ಚುಕ್ಕಿ, ಕೋಲ್ಕತ್ತಾದ್ದಕ್ಕೆ ಗುರುತೇ ಇರಲ್ಲ. ಯಾವ ಟಂಕಸಾಲೇಲಿ ಹುಟ್ಟಿದ್ದು ಅಂತ ಗೊತ್ತಾಗದೇ ಇರೋ ಕಾಯಿನ್ ಅದು, ರಾತ್ರಿ ಅಂಗಡಿ ಮುಚ್ಚಿದ್ಮೇಲೆ ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದೀನೋ.

ಇದ್ರಲ್ಲೂ ಮೋಸ ಇದೆ, ಎರಡು ಕಾಯಿನ್ ಒಟ್ಟಿಗಿಟ್ಟು ವರ್ಕ್‌ಶಾಪಲ್ಲಿರೋ ಕಬ್ಬಿಣದ ಇಕ್ಕಳ, ವೈಸ್ ಅಂತಾರಲ್ಲ, ಅದ್ರಲ್ಲಿ ಹಾಕಿ ಬಿಗಿದು ಲಾಖಿ ಅಂತ ಮಾರ್ತಾರೆ. ಹಂಗೆ ಮಾಡಿದ್ರೆ ಮೊದ್ಲಿದ್ದ ಚಿತ್ರ ಅದ್ರಡಿ ಚಪ್ಪಟೆಯಾಗಿ ಉಳಿದಿರತ್ತೆ, ಲೆನ್ಸ್ ಇಟ್ಟು ನೋಡಿದ್ರೆ ಕಾಣತ್ತೆ. ಸವೆದಿದ್ದು, ಬಸ್ಸಿನ ಚಕ್ರಕ್ಕೆ ಸಿಕ್ಕಿದ್ದು, ಬೆಂಕಿಗೆ ಬಿದ್ದಿದ್ದು ಯಾವ್ದೂ ಎರರ್ ಅಲ್ಲ, ತಪ್ಪು ಟಂಕಸಾಲೆ ಒಳಗೇ ಆಗಿರ್ಬೇಕು.

ಇನ್ನೊಂದು ಥರದ ಎರರ್ ಮನೇಲೇ ನೋಡ್ಬೇಕಾ? ಕಾಯಿನನ್ನ ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು ಪುಸ್ತಕದ ಹಾಳೆ ಮಗುಚೋ ಹಾಗೆ ತಿರುಗ್ಸಿ. ಈಗಿನ ನಮ್ಮ ಕಾಯಿನಾದ್ರೆ ಹಿಂದಿನ ಚಿತ್ರ ನೆಟ್ಟಗೇ ಇರ್ಬೇಕು. ತೀರಾ ವಾಲಿದ್ರೆ ಇಲ್ಲಾ ತಲೆಕೆಳಗಾಗಿದ್ರೆ ಅಚ್ಚು ತಿರುಗಿದೆ ಅಂತ ಅರ್ಥ. ಇಂಥದ್ದು ಸಿಕ್ಕಿದ್ರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ತೊಳೆದ ಕಾಯಿನ್ ಕೂಡಿಡೋರು ಮುಟ್ಟಲ್ಲ. ಕೊಳೆ ಸಮೇತ ತನ್ನಿ, ಭಾನುವಾರ ಮಧ್ಯಾಹ್ನ ಅಂಗಡೀಲಿ ಜನ ಕಮ್ಮಿ, ಕೂತ್ಕೊಂಡು ಒಟ್ಟಿಗೆ ನೋಡೋಣ. ಆ ಅಕ್ಕನ ಮಗ್ಳಿಗೂ ಬಾ ಅಂದಿದೀನಿ, ಅವ್ಳ ಫೋನಿಂದ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಂಪ್ಲೇಂಟ್ ಮಾಡ್ಬೇಕು.